ಮಡಿಯಲ್ಲಿ ಕುಟ್ಟಿದ ಚಟ್ನಿ

"ನಾವೇನು ಕಳವಿನ ಮಾಲೇನು?"

ಜನಾಬಾಯಿ ಕತ್ತಲಿಗೆ ಕೇಳಿದಳು. ಇಂಥವರಿಗೆ ಅಂತಲ್ಲ. ಬಾಗಿಲಿಗೆ ಹೊರಗಿನಿಂದ ಕೀಲಿ ಬಿದ್ದಿತ್ತು.

ಒಳಗೆ ಐದು ಜನ ಹೆಂಗಸರು. ಸುತ್ತ ಮೆಣಸಿನಕಾಯಿ ಚೀಲಗಳು, ಮಾಡಿನವರೆಗೆ. ಮೇಲೆ ತಗಡು. ಕಿಟಕಿ ಎಂಬುದಿಲ್ಲ. ಬಾಗಿಲ ಸಂದಿನಿಂದ ಒಂದು ಗೆರೆ ಬೆಳಕು ಒಳಗೆ ಬಂದಿತ್ತು. ಅದರಲ್ಲಿ ಖಾರದ ಧೂಳು ಏಳುತ್ತಿತ್ತು, ಇಳಿಯುತ್ತಿತ್ತು. ಮೇ ತಿಂಗಳು. ಸೊಲ್ಲಾಪುರದ ಬಿಸಿಲು ತಗಡನ್ನು ಕಾಯಿಸಿತ್ತು. ತಗಡು ಹೆಂಗಸರನ್ನು ಕಾಯಿಸುತ್ತಿತ್ತು.

"ಬಾಯಿ ಮುಚ್ಚ ಜನಕ್ಕಾ," ಎಂದಳು ರಖಮಾಬಾಯಿ. "ಸಾಯೇಬ ಬಂದಾನ. ಗಾಡಿ ಸಪ್ಪಳ ಆತು."

"ಮುಚ್ಚೀನಿ ತಂಗಿ. ಬಾಯಿ ಮುಚ್ಚೀನಿ. ಮೂಗು ಯಾವದರಿಂದ ಮುಚ್ಚಲಿ?"

ಹಿಂದಿನ ದಿನವೇ ಮಾಲಕ ಕಲ್ಯಾಣಪ್ಪ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದ. ನಾಳೆ ತಪಾಸಣೆ. ಸರಕಾರದ ಸಾಹೇಬ ಬರುತ್ತಾನೆ. ತಿನ್ನುವ ಮಾಲು ಎಲ್ಲಿ ತಯಾರಾಗುತ್ತದೆ, ಯಾರು ಮಾಡುತ್ತಾರೆ, ಅವರ ಕೈ ಉಗುರು ಹೇಗಿವೆ, ನೀರು ಎಲ್ಲಿಯದು, ಎಲ್ಲ ನೋಡುತ್ತಾನೆ. ನೋಡಿ ಒಪ್ಪಿದರೆ ಲೈಸೆನ್ಸು. ದೇಶದಲ್ಲಿ ತುರ್ತು ಪರಿಸ್ಥಿತಿ ಇದೆ. ಚಹಾ ಕುಡಿಸಿ ಕಳಿಸುವ ಕಾಲ ಹೋಯಿತು. ಕೆಲಸ ಮಾಡುವ ಒಬ್ಬೊಬ್ಬರಿಗೂ ಡಾಕ್ಟರನ ದಾಖಲೆ ಬೇಕು, ಮೈಯಲ್ಲಿ ರೋಗವಿಲ್ಲ ಅಂತ.

ಈ ಐವರಿಗೆ ದಾಖಲೆ ಇರಲಿಲ್ಲ. ಮಾಡಿಸುವುದು ದೊಡ್ಡ ಮಾತಲ್ಲ. ಆದರೆ ದಾಖಲೆಯಲ್ಲಿ ಹೆಸರು ಬರೆಯಬೇಕು. ಹೆಸರಿನ ಮುಂದೆ ಅಡ್ಡಹೆಸರು ಬರೆಯಬೇಕು. ಅಡ್ಡಹೆಸರು ಓದಿದರೆ ಜಾತಿ ತಿಳಿಯುತ್ತದೆ. ಜಾತಿ ತಿಳಿದರೆ ಚಟ್ನಿ ಯಾರು ಕೊಳ್ಳುತ್ತಾರೆ?

"ಅದಕ್ಕ ನೀವು ಸಾಯೇಬ ಹೋಗೂತನಕ ಗೋದಾಮದಾಗ ಕುಂದರ್ರಿ," ಎಂದಿದ್ದ ಕಲ್ಯಾಣಪ್ಪ. "ಕೆಮ್ಮಬ್ಯಾಡ್ರಿ."

ಕಲ್ಯಾಣಪ್ಪನ ಶೇಂಗಾ ಚಟ್ನಿ ಹೆಚ್ಚು ಹೋಗುತ್ತಿದ್ದುದು ಅಕ್ಕಲಕೋಟದಲ್ಲಿ. ಅಲ್ಲಿ ಅವನ ತಮ್ಮ ಸಿದ್ದರಾಮಪ್ಪನ ಅಂಗಡಿ ಇತ್ತು. ಅಲ್ಲಿನ ಮಠದ ದರ್ಶನಕ್ಕೆ ಬಂದ ಭಕ್ತರು ಊರಿಗೆ ಹೊರಡುವಾಗ ಪ್ರಸಾದದ ಜೊತೆಗೆ ಒಂದು ಪೊಟ್ಟಣ ಚಟ್ನಿ ಒಯ್ಯುತ್ತಿದ್ದರು. ಪೊಟ್ಟಣದ ಮೇಲೆ ಒಬ್ಬ ಮುತ್ತೈದೆಯ ಚಿತ್ರ. ಮಿಂದ ಕೂದಲು, ಹಣೆ ತುಂಬ ಕುಂಕುಮ, ಮುಂದೆ ಉರಿಯುವ ದೀಪ. ಕೆಳಗೆ ಮರಾಠಿಯಲ್ಲಿ ಅಚ್ಚು: ಮನೆಯಲ್ಲಿ ಮಡಿಯಲ್ಲಿ ಕುಟ್ಟಿದ್ದು.

ಕುಟ್ಟುತ್ತಿದ್ದವರು ಈ ಐವರು. ಬೌದ್ಧ ವಸ್ತಿಯವರು, ಬೌದ್ಧ ಧರ್ಮಕ್ಕೆ ಸೇರಿದ ದಲಿತರ ಕೇರಿಯವರು. ಹಿಂದಿನ ಓಣಿಯ ಸಣ್ಣ ಬಾಗಿಲಿನಿಂದ ಬರಬೇಕು, ಅದರಿಂದಲೇ ಹೋಗಬೇಕು. ಬಾಯಾರಿದರೆ ಮಾಲಕನ ಹೆಂಡತಿ ಕಸ್ತೂರಬಾಯಿಯನ್ನು ಕೂಗಬೇಕು. ಅವಳು ಮೇಲಿನಿಂದ ಹೊಯ್ದಾಗ ಬೊಗಸೆ ಹಿಡಿಯಬೇಕು. ಕುಟ್ಟಿದ ಖಾರಕ್ಕೆ ಮೈಲಿಗೆ ಇಲ್ಲ. ಕುಡಿಯುವ ನೀರಿಗೆ ಇದೆ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ರಖಮಾಬಾಯಿ ಹನ್ನೊಂದು ವರ್ಷ ಕುಟ್ಟಿದ್ದಳು. ಕಲ್ಲಿನ ಒರಳು, ಎದೆಯುದ್ದದ ಒನಕೆ. ಒಂದು ಒರಳಿಗೆ ಇಬ್ಬರು. ಒಬ್ಬಳದು ಏಳುವಾಗ ಇನ್ನೊಬ್ಬಳದು ಬೀಳಬೇಕು. ಒಂದು ಉಸಿರು ತಪ್ಪಿದರೆ ಬೆರಳು ಜಜ್ಜಿ ಹೋಗುತ್ತದೆ. ಶೇಂಗಾ ಎಣ್ಣೆ ಬಿಟ್ಟುಕೊಳ್ಳುವವರೆಗೆ ಕುಟ್ಟಬೇಕು. ಬಲಭುಜ ಎಡಭುಜಕ್ಕಿಂತ ದಪ್ಪವಾಗಿತ್ತು. ಅಂಗೈ ಒರಟಾಗಿ ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಮನೆಗೆ ಹೋಗಿ ಮಗಳ ಕೆನ್ನೆ ಮುಟ್ಟಿದರೆ ಮಗು ಉರಿ ಉರಿ ಎಂದು ಅಳುತ್ತಿತ್ತು. ಆಮೇಲೆ ಮುಟ್ಟುವುದನ್ನೇ ಬಿಟ್ಟಳು.

ಹೊರಗೆ ಕುಟ್ಟುವ ಸಪ್ಪಳ ಸುರುವಾಯಿತು.

ಐವರೂ ಕಿವಿ ಕೊಟ್ಟರು. ಒರಳಿಗೆ ನಿಂತವರು ಕಸ್ತೂರಬಾಯಿ ಮತ್ತು ಸೊಸೆ ಶಾರದಾಬಾಯಿ. ಬಿಳಿ ಸೀರೆ ಉಟ್ಟು ತಲೆಗೆ ಬಟ್ಟೆ ಕಟ್ಟಿಕೊಂಡಿದ್ದನ್ನು ಬೆಳಿಗ್ಗೆ ಎಲ್ಲರೂ ನೋಡಿದ್ದರು. ಅವರಿಬ್ಬರಿಗೂ ಡಾಕ್ಟರನ ದಾಖಲೆ ಇತ್ತು. ಸಪ್ಪಳ ಮಾತ್ರ ಎಡವುತ್ತಿತ್ತು. ಎರಡೂ ಒನಕೆ ಒಮ್ಮೆಲೇ ಬೀಳುತ್ತಿದ್ದವು. ಆಮೇಲೆ ಎರಡೂ ನಿಲ್ಲುತ್ತಿದ್ದವು.

"ಖಾರಾ ಕುಟ್ಟಾಕತ್ತಾರೋ, ಯಾರದರೆ ಬಾಗಲಾ ಬಡಿಯಾಕತ್ತಾರೋ?" ಎಂದಳು ಜನಾಬಾಯಿ ಪಿಸುದನಿಯಲ್ಲಿ.

ಯಾರೋ ನಕ್ಕರು. ನಗು ಗಂಟಲಲ್ಲಿ ಖಾರವಾಯಿತು. ಕಮಳಾಬಾಯಿಗೆ ಕೆಮ್ಮು ಬಂತು.

ಕಮಳಾಬಾಯಿ ಏಳು ತಿಂಗಳ ಬಸುರಿ. ಐವರಲ್ಲಿ ಸಣ್ಣವಳು. ರಖಮಾಬಾಯಿ ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿದಳು. ಕೆಮ್ಮು ಹೊರಗೆ ಬರಲಾರದೆ ಮೈಯೊಳಗೇ ಬಡಿಯಿತು. ಹೊಟ್ಟೆ ಎದ್ದೆದ್ದು ಬೀಳುತ್ತಿದ್ದುದು ರಖಮಾಬಾಯಿಯ ತೊಡೆಗೆ ತಿಳಿಯುತ್ತಿತ್ತು. ಒಂದು ಗಳಿಗೆಯಲ್ಲಿ ಕಮಳಾಬಾಯಿಯ ಸೀರೆ ಒದ್ದೆಯಾಯಿತು. ಮೂತ್ರ ನೆಲದ ಮೇಲೆ ಹರಿಯಿತು.

"ಅಕ್ಕಾ," ಎಂದಳು ಸೆರಗಿನೊಳಗಿಂದ.

"ಇರಲಿ. ಕತ್ತಲಿ ಐತಿ. ಯಾರು ನೋಡ್ತಾರ."

ಅಷ್ಟರಲ್ಲಿ ಹೆಜ್ಜೆ ಬಾಗಿಲ ಹತ್ತಿರ ಬಂದವು. ಈ ಕೋಣೆಯಲ್ಲಿ ಏನಿದೆ ಎಂದು ಸಾಹೇಬ ಮರಾಠಿಯಲ್ಲಿ ಕೇಳಿದ. ಮೆಣಸಿನಕಾಯಿ ಚೀಲ ಎಂದ ಕಲ್ಯಾಣಪ್ಪ. ಬಾಗಿಲು ತೆಗೆಯಿರಿ ಎಂದ ಸಾಹೇಬ. ಕೀಲಿಕೈ ತಮ್ಮನ ಹತ್ತಿರ ಉಳಿದಿದೆ, ಅವನು ಅಕ್ಕಲಕೋಟಕ್ಕೆ ಹೋಗಿದ್ದಾನೆ ಎಂದ ಕಲ್ಯಾಣಪ್ಪ.

ಸಾಹೇಬ ಕೀಲಿಯನ್ನು ಹಿಡಿದು ಒಮ್ಮೆ ಜಗ್ಗಿದ. ಬಾಗಿಲು ಅಲುಗಾಡಿತು. ಬೆಳಕಿನ ಗೆರೆ ಅಲುಗಾಡಿತು. ಒಳಗೆ ಯಾರೂ ಉಸಿರು ಬಿಡಲಿಲ್ಲ. ಈಗ ಬಾಗಿಲು ತೆರೆದರೆ ಏನಾಗುತ್ತದೆ? ಮಾಲಕನಿಗೆ ಏನಾಗುತ್ತದೋ. ತಮಗಂತೂ ನಾಳೆ ಕೆಲಸವಿಲ್ಲ. ಅದೊಂದೇ ತಿಳಿದಿತ್ತು. ಅದಕ್ಕೇ ಐವರೂ ತಮ್ಮ ಮೇಲಿನ ಕೀಲಿ ಗಟ್ಟಿಯಾಗಿರಲಿ ಎಂದು ಬೇಡಿಕೊಂಡರು.

ಹೆಜ್ಜೆ ಹಿಂದೆ ಹೋದವು.

ಒರಳಲ್ಲಿದ್ದುದು ಹಿಂದಿನ ದಿನ ಐವರು ಕುಟ್ಟಿಟ್ಟ ಚಟ್ನಿಯೇ. ಸಾಹೇಬ ಅದರಿಂದ ಮಾದರಿ ತೆಗೆದುಕೊಂಡ. ಮೂರು ಗಾಜಿನ ಶೀಸೆ. ಅರಗು ಕರಗಿಸಿ ಮೊಹರು ಒತ್ತಿದ ವಾಸನೆ ಗೋದಾಮಿನವರೆಗೆ ಬಂತು. ಆಮೇಲೆ ಅವನು ಕಸ್ತೂರಬಾಯಿಗೆ ಏನೋ ಹೇಳಿದ. ನೀವೇ ಕುಟ್ಟಿದ್ದು ತಾನೆ, ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಿ, ರುಚಿ ಹೇಗಿದೆ ಹೇಳಿ, ಎಂದ.

ಒನಕೆ ನಿಂತಿತು.

"ಇವತ್ತ ನನ್ನ ಉಪವಾಸ ಅದರಿ," ಎಂದಳು ಕಸ್ತೂರಬಾಯಿ ಕನ್ನಡದಲ್ಲೇ. ಕಲ್ಯಾಣಪ್ಪ ಅದನ್ನು ಮರಾಠಿ ಮಾಡಿದ.

ಹಾಗಾದರೆ ಸೊಸೆ?

"ಆಕಿದೂ ಅದರಿ."

ಜನಾಬಾಯಿ ರಖಮಾಬಾಯಿಯ ಕಿವಿಗೆ ಬಾಯಿ ಹಚ್ಚಿದಳು. "ಸ್ವಾಮಾರ ಅಲ್ಲ, ಗುರುವಾರ ಅಲ್ಲ. ಬುಧವಾರದ ಉಪವಾಸ ಯಾವ ದೇವರಿಗೇ?"

ಆ ಮನೆಯಲ್ಲಿ ಯಾರೂ ಆ ಚಟ್ನಿ ತಿನ್ನುತ್ತಿರಲಿಲ್ಲ. ಮನೆಗೆ ಬೇಕಾದದ್ದನ್ನು ಕಸ್ತೂರಬಾಯಿ ಬೇರೆ ಒರಳಲ್ಲಿ, ಬೇರೆ ಮೆಣಸಿನಕಾಯಿಯಲ್ಲಿ, ತಾನೇ ಕುಟ್ಟಿಕೊಳ್ಳುತ್ತಿದ್ದಳು, ಬಟ್ಟಲಿಗೆ ಆಗುವಷ್ಟು.

ಸಾಹೇಬ ಬರೆದದ್ದನ್ನು ಓದಿ ಹೇಳಿದ. ಈ ಮಾಲು ಕಲ್ಯಾಣಪ್ಪ ಅವರ ಸ್ವಂತ ಮನೆಯಲ್ಲಿ ತಯಾರಾಗುತ್ತದೆ. ಕುಟ್ಟುವವರು ಅವರ ಹೆಂಡತಿ ಕಸ್ತೂರಬಾಯಿ ಮತ್ತು ಸೊಸೆ ಶಾರದಾಬಾಯಿ. ಹೊರಗಿನ ಕೆಲಸದವರು ಒಬ್ಬರೂ ಇಲ್ಲ. ಇದನ್ನು ಕೇಳಿ, ಒಪ್ಪಿ, ಸಹಿ ಮಾಡಿದ್ದೇನೆ. ಕಲ್ಯಾಣಪ್ಪ ಸಹಿ ಮಾಡಿದ.

ರಖಮಾಬಾಯಿ ಬಾಗಿಲ ಇತ್ತಕಡೆ ಪ್ರತಿ ಮಾತು ಕೇಳಿದಳು. ಅವಳು ಶಾಲೆಗೆ ಹೋದವಳಲ್ಲ. ತವರೂರು ಕರಜಗಿಯಲ್ಲಿ ಸಣ್ಣವಳಿದ್ದಾಗ ಮಠದಲ್ಲಿ ಪುರಾಣ ಓದುತ್ತಿದ್ದರು. ಒಳಗೆ ಬಿಡುತ್ತಿರಲಿಲ್ಲ. ಅಪ್ಪನ ಕೈ ಹಿಡಿದು ಗೋಡೆಯ ಹೊರಗೆ ನಿಂತು ಕೇಳುತ್ತಿದ್ದಳು. ಪದ್ಯ ಒಮ್ಮೆ ಕೇಳಿದರೆ ಸಾಕು, ಮನೆಗೆ ಬಂದು ಅಜ್ಜಿಗೆ ತಪ್ಪದೆ ಒಪ್ಪಿಸುತ್ತಿದ್ದಳು. ಈಗ ರವಿವಾರ ಬುದ್ಧ ವಿಹಾರಕ್ಕೆ ಹೋಗುತ್ತಾಳೆ. ಅಲ್ಲಿ ಗೋಡೆಯ ಒಳಗೇ ಕೂರುತ್ತಾಳೆ. ಆದರೂ ಕೇಳುವ ರೀತಿ ಬದಲಾಗಲಿಲ್ಲ. ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ಗೋಡೆಯಾಚೆಯದನ್ನು ಕೇಳಿದ ಹಾಗೆಯೇ ಕೇಳುತ್ತಾಳೆ.

ಎರಡು ಗಂಟೆಗೆ ಕೀಲಿ ತೆರೆಯಿತು. ಬೆಳಕಿಗೆ ಐವರೂ ಕಣ್ಣು ಮುಚ್ಚಿಕೊಂಡರು. ಕಸ್ತೂರಬಾಯಿ ಬಾಗಿಲಲ್ಲಿ ನಿಂತು ನೆಲ ನೋಡಿದಳು. ಕಮಳಾಬಾಯಿಯ ಸೀರೆ ನೋಡಿದಳು.

"ಏನಿದು? ಚೀಲಕ್ಕ ಹತ್ತೇದೇನು?"

ಕಮಳಾಬಾಯಿ ತಲೆ ಎತ್ತಲಿಲ್ಲ.

"ಒಂದ ಚೀಲದ ಬುಡಕ ಹತ್ತೇತ್ರಿ ಬಾಯಾರ," ಎಂದಳು ರಖಮಾಬಾಯಿ.

"ಬಿಸಲಿಗಿ ಹಾಕ್ರಿ. ಒಣಗಿದ ಮ್ಯಾಲ ನಾಳಿ ಕುಟ್ಟರಿ."

*

ಆ ಚಟ್ನಿಯಲ್ಲಿ ಬಣ್ಣ ಇತ್ತು. ಅದನ್ನು ಬೆರೆಸಿದವಳು ರಖಮಾಬಾಯಿ.

ಬ್ಯಾಡಗಿ ಮೆಣಸಿನಕಾಯಿ ತುಟ್ಟಿಯಾಗಿ ಎರಡು ವರ್ಷವಾಗಿತ್ತು. ಕಲ್ಯಾಣಪ್ಪ ಹಳೆಯ, ಬಿಳುಚಿದ ಮಾಲು ತರಿಸತೊಡಗಿದ. ಬೀಜವೇ ಹೆಚ್ಚು, ಸಿಪ್ಪೆಗೆ ಬಣ್ಣವಿಲ್ಲ. ಕುಟ್ಟಿದರೆ ಚಟ್ನಿ ಮಣ್ಣಿನ ಬಣ್ಣ. ಒಂದು ದಿನ ಅವನು ಒಂದು ಕಾಗದದ ಪೊಟ್ಟಣ ತಂದು ಒರಳಿನ ಪಕ್ಕ ಇಟ್ಟ. ಒಂದು ಒರಳಿಗೆ ಅರ್ಧ ಚಮಚ ಎಂದ. ಹಾಕಿದ ಕೂಡಲೇ ಚಟ್ನಿ ಕೆಂಪಗೆ ಬೆಂಕಿಯಾಯಿತು.

ಅಂದು ಮನೆಗೆ ಹೋದಾಗ ರಖಮಾಬಾಯಿಯ ಕೈ ತೊಳೆದರೂ ಬಣ್ಣ ಹೋಗಲಿಲ್ಲ. ಗಂಡ ಧೂಳಪ್ಪ ರೊಟ್ಟಿ ತಿನ್ನುತ್ತ ಕೂತಿದ್ದ. ಅವನು ಚಾದರದ ಕಾರಖಾನೆಯಲ್ಲಿ ನೂಲಿಗೆ ಬಣ್ಣ ಹಾಕುವ ಕೊಪ್ಪರಿಗೆಯ ಮುಂದೆ ಕೆಲಸ ಮಾಡುವವನು. ಮೊಣಕೈವರೆಗೆ ಅವನೂ ಕೆಂಪು. ಅವಳ ಕೈ ಹಿಡಿದು ಬಾಗಿಲ ಬೆಳಕಿಗೆ ತಂದು ನೋಡಿದ. ಮೂಸಿ ನೋಡಿದ.

"ಇದು ನಮ್ಮ ಕೊಪ್ಪರಿಗ್ಯಾಗಿನ ಬಣ್ಣ ಅಲ್ಲೇನು? ನಿನಗೆಲ್ಲಿ ಸಿಕ್ತು?"

"ಮಾಲಕರು ಕೊಟ್ಟಾರ. ಚಟ್ನ್ಯಾಗ ಹಾಕಾಕ."

ಧೂಳಪ್ಪ ರೊಟ್ಟಿ ಕೆಳಗಿಟ್ಟ. "ಏ ಹುಚ್ಚಿ. ಈ ನೀರು ನಾವು ಗಟಾರಕ್ಕ ಬಿಟ್ರ ನಾಯಿ ಸೈತ ಮೂಸಂಗಿಲ್ಲ. ಮಂದಿಗಿ ತಿನಸ್ತಾರಂತ?"

ಮರುದಿನ ಅವಳು ಕೇಳಿದಳು. ಒಂದೇ ಸಲ ಕೇಳಿದಳು. "ಅಪ್ಪಾರ, ಇದು ನೂಲಿಗಿ ಹಾಕೂ ಬಣ್ಣಲ್ರಿ?"

"ನಿನಗ್ಯಾಕ?" ಎಂದ ಕಲ್ಯಾಣಪ್ಪ. "ತಿನ್ನಾವರು ನೀವಲ್ಲ. ಕುಟ್ಟಾವರು. ಕುಟ್ಟು."

ಅವಳು ಕುಟ್ಟಿದಳು. ಎರಡು ವರ್ಷ ಅರ್ಧ ಅರ್ಧ ಚಮಚ ಹಾಕಿ ಕುಟ್ಟಿದಳು. ವಿಹಾರದಲ್ಲಿ ಪಂಚಶೀಲ ಹೇಳುವಾಗ ಸುಳ್ಳಾಡುವುದಿಲ್ಲ ಎಂಬಲ್ಲಿಗೆ ಬಂದರೆ ಅವಳ ದನಿ ಇಳಿಯುತ್ತಿತ್ತು. ನಾನು ಮಾತಾಡಿಲ್ಲವಲ್ಲ, ಮಾತಾಡದಿದ್ದರೆ ಸುಳ್ಳು ಹೇಗಾಗುತ್ತದೆ, ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದಳು. ಮನಸ್ಸು ಒಪ್ಪುತ್ತಿರಲಿಲ್ಲ. ಒನಕೆ ನಿಲ್ಲುತ್ತಿರಲಿಲ್ಲ.

ಜುಲೈ ತಿಂಗಳಲ್ಲಿ ಸರಕಾರದ ಕಾಗದ ಬಂತು. ಮಾದರಿಯಲ್ಲಿ ತಿನ್ನಬಾರದ ಬಣ್ಣವಿದೆ. ಖಟ್ಲೆ ಆಗುತ್ತದೆ. ಕಾಯಿದೆ ಆ ವರ್ಷವೇ ಬಿಗಿಯಾಗಿತ್ತು. ತಪ್ಪು ಸಾಬೀತಾದರೆ ಕಡಿಮೆ ಎಂದರೂ ಆರು ತಿಂಗಳು ಜೈಲು. ದಂಡ ಕಟ್ಟಿ ಪಾರಾಗುವ ಹಾಗಿಲ್ಲ. ಕಲ್ಯಾಣಪ್ಪ ಅಕ್ಕಲಕೋಟದ ವಕೀಲನ ಮನೆಗೆ ಮೂರು ಸಲ ಹೋಗಿ ಬಂದ. ವಕೀಲ ದಾರಿ ಹೇಳಿದ. ಮಾಲು ಮಾಡಿದವರು ಬೇರೆ, ನೀವು ಬರೀ ಮಾರಿದವರು, ಒಳಗೆ ಏನಿತ್ತೋ ನಿಮಗೆ ತಿಳಿಯದು ಎಂದಾಗಬೇಕು. ತಪಾಸಣೆಯ ದಿನ ಬರೆದದ್ದನ್ನು ಹೆದರಿ ಹೇಳಿದ್ದು ಎಂದು ಬಿಡಿಸಿಕೊಳ್ಳಬಹುದು. ಆದರೆ ಮಾಡಿದವರು ತಾವೇ ಮಾಡಿದೆವು ಅಂತ ಬರೆದು ಕೊಡಬೇಕು.

ಹನ್ನೊಂದು ವರ್ಷ ಆದ ಮೇಲೆ ಕಲ್ಯಾಣಪ್ಪನಿಗೆ ಚಟ್ನಿ ಕುಟ್ಟಿದವರು ಬೇಕಾದರು.

*

ಅವನು ರಖಮಾಬಾಯಿಯನ್ನು ಮುಂದಿನ ಬಾಗಿಲಿನಿಂದ ಕರೆಸಿದ. ಅವಳು ಹೊಸ್ತಿಲ ಹೊರಗೇ ನಿಂತಳು.

"ಒಳಗ ಬಾ ರಖಮಾಬಾಯಿ. ಅಲ್ಲ್ಯಾಕ ನಿಂತಿ?"

ಅಂದಿನವರೆಗೆ ಅವಳು ರಖಮಿ. ಏ ರಖಮಿ.

ಅವನು ಮೆತ್ತಗೆ ಹೇಳಿದ. ಸರಕಾರದವರು ಕೆಲಸದವರ ಹೆಸರು ಬರೆದಿಡಿ ಅಂತಿದ್ದಾರೆ. ನೀನು ಎಲ್ಲರಿಗಿಂತ ಹಳಬಳು. ಮೊದಲು ನಿನ್ನದು ಬರೆಸೋಣ. ನಾಳೆ ಅಕ್ಕಲಕೋಟದ ಕೋರ್ಟಿನ ಕಟ್ಟೆಗೆ ಹೋಗಿ ಒಂದು ಕಾಗದದ ಮೇಲೆ ಹೆಬ್ಬಟ್ಟು ಒತ್ತಿ ಬರೋಣ. ಆಮೇಲೆ ಡಾಕ್ಟರನ ದಾಖಲೆ, ರಜೆ, ಎಲ್ಲ ಬರುತ್ತದೆ.

"ಮತ್ತ ಕಮಳಿದರಿ? ಆಕಿ ಹಡದು ಹದಿನೈದ ದಿನಾತರಿ. ಕೆಲಸಕ್ಕ ಬರಬ್ಯಾಡ ಅಂದೀರಂತ."

"ಆಕೀದೂ ಬರಸೂಣು. ಮೊದಲ ನಿಂದು."

ಮನೆಗೆ ಬಂದು ಹೇಳಿದಾಗ ಧೂಳಪ್ಪ ಅವಳತ್ತ ತಿರುಗಿ ಕೂತ. "ಹೆಬ್ಬಟ್ಟ ಒತ್ತೂ ಮೊದಲ ಓದಿಸಿ ಕೇಳು," ಎಂದ. "ನಿನಗ ಕಣ್ಣಿಲ್ಲ. ಕಿವಿ ಅದಾವ."

ಬೆಳಗಿನ ಎಸ್.ಟಿ. ಬಸ್ಸಿನಲ್ಲಿ ಕಲ್ಯಾಣಪ್ಪ ಅವಳಿಗೆ ಕಿಟಕಿಯ ಜಾಗ ಕೊಟ್ಟ. ತಾನು ಅದೇ ಸೀಟಿನ ತುದಿಯಲ್ಲಿ ಕೂತ. ನಡುವೆ ಒಬ್ಬರು ಕೂರುವಷ್ಟು ಜಾಗ ಇತ್ತು. ಕಂಡಕ್ಟರ ಇನ್ನೊಬ್ಬನನ್ನು ಅಲ್ಲಿ ಕೂರಿಸಲು ಬಂದಾಗ ಕಲ್ಯಾಣಪ್ಪ ಸರಿಯಲೇಬೇಕಾಯಿತು. ಅವನ ಧೋತರ ಅವಳ ಸೀರೆಗೆ ತಾಗಿತು. ಅವನು ಏನೂ ಅನ್ನಲಿಲ್ಲ. ಆಗ ಅವಳಿಗೆ ಮೊದಲ ಸಲ ಹೆದರಿಕೆಯಾಯಿತು.

ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಇಳಿದು ಚಹಾ ಕುಡಿಸಿದ. ಒಂದೇ ಟೇಬಲ್ಲು. ಒಂದೇ ನಮೂನೆಯ ಕಪ್ಪು.

"ತಗೋಳವಾ. ಸಂಕೋಚ ಮಾಡಬ್ಯಾಡ."

ಅವಳು ಕುಡಿದಳು. ಚಹಾ ಬಿಸಿ ಇತ್ತು, ರುಚಿ ತಿಳಿಯಲಿಲ್ಲ.

ಕೋರ್ಟಿನ ಅಂಗಳದಲ್ಲಿ ಬೇವಿನ ಮರ. ಅದರ ಕೆಳಗೆ ಕಟ್ಟಿಗೆ ಪೆಟ್ಟಿಗೆ ಇಟ್ಟುಕೊಂಡು ಅರ್ಜಿ ಬರೆಯುವ ಖಂಡಪ್ಪ ಕೂತಿದ್ದ. ಮುದುಕ. ದಪ್ಪ ಕನ್ನಡಕ, ಕಿವಿಯ ಮೇಲೆ ಬರೆಯುವ ಟಾಕು. ವಕೀಲ ಬರೆದುಕೊಟ್ಟದ್ದನ್ನು ಅವನು ಆಗಲೇ ಸ್ಟ್ಯಾಂಪಿನ ಕಾಗದಕ್ಕೆ ಇಳಿಸಿದ್ದ. ಶಾಯಿಯ ಪ್ಯಾಡನ್ನು ತೆರೆದು ಮುಂದೆ ಸರಿಸಿದ.

"ಎಡಗೈ ಹೆಬ್ಬಟ್ಟ ತಾ ತಂಗಿ."

"ಓದಿ ಹೇಳ್ರಿ," ಎಂದಳು ರಖಮಾಬಾಯಿ.

"ಅದೇನ ಓದೂದು," ಎಂದ ಕಲ್ಯಾಣಪ್ಪ ಅವಸರದಲ್ಲಿ. "ನಾ ಹೇಳೀನೆಲ್ಲ. ಕೆಲಸದ ಕಾಗದ."

"ಓದ್ಯೇ ಒತ್ತಿಸ್ಕೋಬೇಕ ಸಾವ್ಕಾರ್ರ. ಕೆಳಗ ಬರದೀನಿ, ಓದಿ ಹೇಳೀನಿ ಅಂತ. ನಾಳಿ ಜಡ್ಜಸಾಯೇಬ ನನ್ನ ಕರದು ಕೇಳ್ತಾನ," ಎಂದ ಖಂಡಪ್ಪ. ಓದತೊಡಗಿದ.

ರಖಮಾಬಾಯಿ ಕಣ್ಣು ಮುಚ್ಚಿಕೊಂಡಳು.

ಕರಜಗಿಯ ರಖಮಾಬಾಯಿ ಧೂಳಪ್ಪ ಎಂಬ ನಾನು ಬರೆದುಕೊಡುವುದೇನೆಂದರೆ, ನಾನು ಕರಜಗಿಯ ನನ್ನ ಸ್ವಂತ ಮನೆಯಲ್ಲಿ ಶೇಂಗಾ ಚಟ್ನಿ ತಯಾರಿಸುತ್ತೇನೆ. ಎರಡು ವರ್ಷಗಳಿಂದ ಕಲ್ಯಾಣಪ್ಪ ಅವರಿಗೆ ಪೂರೈಸುತ್ತಿದ್ದೇನೆ. ಮಾಲು ಶುದ್ಧವಿದೆ ಎಂದು ಅವರಿಗೆ ನಂಬಿಸಿದ್ದೇನೆ. ಅದರಲ್ಲಿ ಬಣ್ಣ ಬೆರೆಸಿದವಳು ನಾನೇ. ಈ ವಿಷಯ ಕಲ್ಯಾಣಪ್ಪ ಅವರಿಗೆ ಮತ್ತು ಅವರ ಮನೆಯವರಿಗೆ ತಿಳಿದಿರಲಿಲ್ಲ. ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಂಡಿದ್ದೇನೆ.

ಖಂಡಪ್ಪ ಓದು ನಿಲ್ಲಿಸಿದ. ಬೇವಿನ ಎಲೆ ಒಂದು ಕಾಗದದ ಮೇಲೆ ಬಿತ್ತು. ಅವನು ಅದನ್ನು ಊದಿದ.

"ಇನ್ನೊಮ್ಮಿ ಓದ್ರಿ," ಎಂದಳು.

ಖಂಡಪ್ಪ ಇನ್ನೊಮ್ಮೆ ಓದಿದ. ಅವಳ ತುಟಿ ಅವನ ಜೊತೆಗೇ ಅಲ್ಲಾಡಿತು. ಮುಗಿದ ಮೇಲೆ ಕಣ್ಣು ತೆರೆದಳು.

"ಹಿಂಗ ಬರಕೊಟ್ರ ಏನಾಗ್ತೈತ್ರಿ ಅಪ್ಪಾ?"

"ಏನಾಗ್ತದ? ಖಟ್ಲೆ ನಿನ್ನ ಮ್ಯಾಲ ಬರ್ತದ. ಆರ ತಿಂಗಳಿಗಿ ಕಡಿಮಿ ಇಲ್ಲ ಜೇಲು," ಎಂದ ಖಂಡಪ್ಪ. ಅವನಿಗೆ ಅದು ದಿನದ ಮಾತು.

"ಏ ಖಂಡಪ್ಪ, ನಿನ್ನ ಕೆಲಸ ಬರಿಯೂದು," ಎಂದ ಕಲ್ಯಾಣಪ್ಪ. ಮುಖ ಕೆಂಪಾಗಿತ್ತು. "ರಖಮಾಬಾಯಿ, ಅಂವಂದು ಕೇಳಬ್ಯಾಡ. ವಕೀಲರು ಇದ್ದಾರ. ಹೆಣ್ಣಮಗಳು ಅಂತ ಬಿಡ್ತಾರ. ಬಿಡದಿದ್ರೂ ನಿನ್ನ ಮನಿ, ನಿನ್ನ ಮಗಳು, ನಾ ನೋಡ್ಕೋತೀನಿ. ನನ್ನ ಮಗಳಿದ್ದಂಗ."

"ನಿಮ್ಮ ಮಗಳಿದ್ದಂಗ?"

"ಹೌದು."

"ನಿಮ್ಮ ಮಗಳಿಗಿ ನೀರ ಮ್ಯಾಲಿಂದ ಹೊಯ್ತೀರೇನ್ರಿ?"

ಖಂಡಪ್ಪ ಟಾಕು ತೆಗೆದು ಅದರ ಮೊನೆ ನೋಡತೊಡಗಿದ. ಪಕ್ಕದಲ್ಲಿ ಕೂತಿದ್ದ ಇಬ್ಬರು ಕಕ್ಷಿಗಾರರು ಇತ್ತ ತಿರುಗಿದರು.

ಕಲ್ಯಾಣಪ್ಪ ದನಿ ಇಳಿಸಿದ. "ಇಲ್ಲಿ ಅದೆಲ್ಲ ಬ್ಯಾಡ. ಬಣ್ಣ ನೀ ಬೆರಸಿಯೋ ಇಲ್ಲೋ? ಅಷ್ಟ ಹೇಳು."

"ಬೆರಸೀನ್ರಿ."

"ಮತ್ತ? ಸುಳ್ಳೇನ ಬರದದ ಇದರಾಗ?"

"ಬೆರಸೀನಿ. ಎರಡ ವರ್ಷ ಬೆರಸೀನಿ. ನನ್ನ ಕೈಲೆ ಬೆರಸೀನಿ. ಅದನ್ನ ಬರೀರಿ. ಬೆರಸು ಅಂತ ಹೇಳದವರ ಹೆಸರೂ ಬರೀರಿ. ಪುಡಿ ತಂದ ಕೊಟ್ಟವರ ಹೆಸರು ಬರೀರಿ. ಎಲ್ಲಿ ಕುಟ್ಟಿದ್ವಿ ಅನ್ನೂದ ಬರೀರಿ, ಕರಜಗ್ಯಾಗ ಅಲ್ಲ, ನಿಮ್ಮ ಹಿತ್ತಲದಾಗ. ಐದೂ ಮಂದಿ ಹೆಸರು ಬರೀರಿ. ಹಿಂಗ ಬರದ್ರ ಎಡಗೈದೂ ಒತ್ತತೀನಿ, ಬಲಗೈದೂ ಒತ್ತತೀನಿ. ಜೇಲಿಗಿ ಕಳಸಿದ್ರ ಹೋಗ್ತೀನಿ."

"ಹುಚ್ಚಿ ಅದೀಯೇನ? ಹಂಗ ಬರದ್ರ ನಾ ಉಳೀತೀನೇನು?"

"ಸಾಯೇಬನ ಕಾಗದದಾಗ ಕುಟ್ಟಾವರು ಬಾಯಾರು ಮತ್ತ ಅವರ ಸೊಸಿ. ಹೊರಗಿನವರು ಒಬ್ಬರೂ ಇಲ್ಲ. ಕೇಳಿ ಒಪ್ಪಿ ಸಹಿ ಮಾಡೀನಿ ಅಂತ ನೀವ ಸಹಿ ಮಾಡೀರಿ. ಈ ಕಾಗದದಾಗ ಕುಟ್ಟಾಕಿ ನಾನು. ಜಡ್ಜಸಾಯೇಬ ಕೇಳಿದ್ರ ಯಾವದು ಖರೆ ಅಂತ ಹೇಳ್ಲಿ?"

ಕಲ್ಯಾಣಪ್ಪ ಅವಳ ಮುಖ ನೋಡಿದ. ಇವಳಿಗೆ ಅದು ಹೇಗೆ ಗೊತ್ತು ಎಂದು ಕೇಳಲು ಬಾಯಿ ತೆರೆದ. ಆಮೇಲೆ ಇವಳು ಅಂದು ಎಲ್ಲಿದ್ದಳು ಎಂಬುದು ಅವನಿಗೇ ನೆನಪಾಯಿತು. ಬಾಯಿ ಮುಚ್ಚಿದ. ಮೈ ಬೆವರಿತು. ಬೆವರು ಒರೆಸಿಕೊಂಡ ಮೇಲೆ ಅವನ ಮುಖ ಬದಲಾಗಿತ್ತು.

"ಕೇಳಿಲ್ಲಿ. ನಿನ್ನ ಗಂಡ ಯಾವ ಕಾರಖಾನ್ಯಾಗ ಇದ್ದಾನ?"

ಅವಳು ಸೆರಗು ಬಿಗಿಯಾಗಿ ಹೊದ್ದುಕೊಂಡಳು.

"ನನಗ ಗೊತ್ತದ. ಆ ಬಣ್ಣ ಅವರ ಕೊಪ್ಪರಿಗ್ಯಾಗಿಂದು. ನಿನ್ನ ಗಂಡ ಕದ್ದು ತಂದಾನ, ನೀ ಬೆರಸಿ. ನಾಳಿ ಪೊಲೀಸರ ಮುಂದ ಹಿಂಗ ಹೇಳ್ತೀನಿ. ಈಗ ದಿವಸ ಹ್ಯಾಂಗ ಅದಾವ ಗೊತ್ತದಲ್ಲ? ಒಳಗ ಹಾಕಿದ್ರ ಯಾಕ ಅಂತ ಕೇಳಾವರಿಲ್ಲ. ಗಂಡ ಒಳಗ, ನೀ ಒಳಗ, ಮಗಳು ಓಣ್ಯಾಗ. ನೋಡ್ಕೋ."

ರಖಮಾಬಾಯಿ ಹಿಂದೆ ಸರಿದಳು. ಬೇವಿನ ಬೊಡ್ಡೆಗೆ ಕೈ ಊರಿದಳು. ಧೂಳಪ್ಪನ ಮೊಣಕೈ ಕಣ್ಣಿಗೆ ಬಂತು. ಆ ಕೆಂಪು ಯಾವ ಪೊಲೀಸನಿಗೂ ಸಾಕು. ಮತ್ತೊಂದು ಸಾಕ್ಷಿ ಬೇಡ. ಕಲ್ಯಾಣಪ್ಪ ಹೇಳಿದ್ದು ಮಾಡಬಲ್ಲ. ಅವನಿಗೆ ವಕೀಲ ಇದ್ದಾನೆ, ಪೇಟೆ ಇದೆ. ಅವಳಿಗೆ ಈ ಮರದ ಬೊಡ್ಡೆ ಬಿಟ್ಟರೆ ಅಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಶಾಯಿಯ ಪ್ಯಾಡು ತೆರೆದೇ ಇತ್ತು. ಬಿಸಿಲಿಗೆ ಒಣಗುತ್ತಿತ್ತು. ಖಂಡಪ್ಪ ಅದರ ಮೇಲೆ ಎರಡು ಹನಿ ನೀರು ಚಿಮುಕಿಸಿದ.

"ಹೇಳ್ರಿ," ಎಂದಳು ಕೊನೆಗೆ. "ಪೊಲೀಸರಿಗಿ ಹೇಳ್ರಿ. ನನ್ನ ಗಂಡ ಹೋದ್ರ ಅಂವಾ ಮಾಡಿದ್ದ ಅಂವಾ ಹೇಳ್ತಾನ. ಪುಡಿ ಯಾವ ಅಂಗಡ್ಯಾಗ ತಂದೀರಿ ಅಂತ ನಿಮ್ಮನ್ನೂ ಕೇಳ್ತಾರ. ಹೆಬ್ಬಟ್ಟ ನಾ ಒತ್ತಂಗಿಲ್ಲ."

"ಒತ್ತಂಗಿಲ್ಲ?"

"ಒತ್ತಂಗಿಲ್ಲ. ಮುಚ್ಚ್ರೆಪ್ಪಾ ಅದನ್ನ," ಎಂದಳು ಖಂಡಪ್ಪನಿಗೆ.

ಖಂಡಪ್ಪ ಪ್ಯಾಡು ಮುಚ್ಚಿದ. ಕಾಗದವನ್ನು ಮಡಚಿ ಪೆಟ್ಟಿಗೆಯ ಕೆಳಗೆ ಇಟ್ಟ. ಕೋರ್ಟಿನ ಒಳಗಿನಿಂದ ಜವಾನ ಯಾರದೋ ಹೆಸರು ಮೂರು ಸಲ ಕೂಗಿದ. ಪಕ್ಕದ ಇಬ್ಬರು ಎದ್ದು ಹೋದರು.

ಕಲ್ಯಾಣಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಟೋಪಿ ಇಲ್ಲದ ಅವನ ತಲೆಯನ್ನು ರಖಮಾಬಾಯಿ ನೋಡಿದ್ದು ಅದೇ ಮೊದಲು. ಬೋಳಾಗಿತ್ತು, ಬೆವರಿತ್ತು. ಅವನು ಕೆಳಗಿನಿಂದ ಮೇಲೆ ಅವಳನ್ನು ನೋಡಿದ.

"ಹೋಗ್ಲಿ ಬಿಡವಾ," ಎಂದ. ಈಗ ಹೆದರಿಸುವ ದನಿ ಇರಲಿಲ್ಲ. "ಹೆಬ್ಬಟ್ಟ ಬ್ಯಾಡ. ಕಾಗದಾ ಹರದು ಒಗೀತೀನಿ. ನಿನ್ನ ಗಂಡನ ಸುದ್ದಿಗೂ ಹೋಗಂಗಿಲ್ಲ. ನಾಳಿಂದ ನೀವು ಐದೂ ಮಂದಿ ಮುಂದಿನ ಬಾಗಲಿಲೇ ಬರ್ರಿ. ಒಂದ ಮಾತ ನಡಿಸಿಕೊಡು. ಸೋಮವಾರ ಆ ಸಾಯೇಬ ಮತ್ತ ಬರಾವ ಇದ್ದಾನ, ಯಾರು ಕುಟ್ಟತಾರ ಅಂತ ವಿಚಾರಣೆ ಮಾಡಾಕ. ಆವತ್ತ ಗೋದಾಮದಾಗ ಇರ್ರಿ, ಸಾಕು. ನನಗೂ ಮಕ್ಕಳು ಮೊಮ್ಮಕ್ಕಳು ಅದಾವ. ನೀ ಮಾತಾಡಬ್ಯಾಡ, ಕೈ ಮುಗೀತೀನಿ. ಸುಮ್ಮ ಇದ್ದ ಬಿಡು."

ಅವನು ಕೈ ಮುಗಿದ. ಅಂಗಳದಲ್ಲಿ ಎಲ್ಲರ ಮುಂದೆ.

"ಇರಂಗಿಲ್ರಿ," ಎಂದಳು ರಖಮಾಬಾಯಿ.